ಲೈಟ್‌ಹೌಸ್ ಏಟ್‌ನ ಹಲಸಿನ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಹಲಸಿನ ಹಲಗೆಯ, ಸೊಂಟದೆತ್ತರದ, ಇಬ್ಬರು ಗಂಡಸರು ಬೈದುಕೊಂಡು ಎತ್ತಬೇಕಾದಷ್ಟು ಭಾರದ ಪೆಟ್ಟಿಗೆ. ಎದುರಿಗೆ ದುಂಡನೆಯ ದೊಡ್ಡ ತೂತು, ಅದರಲ್ಲಿ ಒಂದು ಸ್ಪೀಕರು. ಬೇಸ್ ಗಿಟಾರಿನ ತಂತಿ ಮಿಡಿದರೆ ಅದರ ಸದ್ದು ಹೊರಬರುವುದು ನನ್ನ ಹೊಟ್ಟೆಯಿಂದ. ಗಿಟಾರಿನವನಿಗೆ ಚಪ್ಪಾಳೆ, ಹಾಡುವವಳಿಗೆ ಹೂವು. ನನ್ನ ಮೇಲೆ ಮಾತ್ರ ಜನ ಕೂರುತ್ತಾರೆ. ಹೀಗೆ ಒಂದು ಆಯುಷ್ಯವಿಡೀ ಮನುಷ್ಯರನ್ನು ಕೆಳಗಿನಿಂದ ನೋಡಿದ್ದೇನೆ. ಕೂತ ಭಾರದ ಮೇಲೆಯೇ ಯಾರು ಸಂತೋಷದಲ್ಲಿದ್ದಾರೆ, ಯಾರು ಇಲ್ಲ ಎಂದು ಹೇಳಬಲ್ಲೆ.

ನಾನು ಹುಟ್ಟಿದ್ದು ಮಂಗಳೂರಿನ ಕುಲಶೇಖರದಲ್ಲಿ, ಬಾವ್ತಿಸ್ ಎಂಬ ಬಡಗಿಯ ಚಾವಡಿಯಲ್ಲಿ. ಬಾವ್ತಿಸನ ಕೆಲಸ ಮುಖ್ಯವಾಗಿ ಎರಡು. ಮದುವೆಯಾಗುವ ಹುಡುಗಿಯರಿಗೆ ಕಪಾಟು, ಸತ್ತವರಿಗೆ ಶವಪೆಟ್ಟಿಗೆ. ಇವೆರಡರ ನಡುವೆ ಇರುವವರಿಗೆ ಏನಾದರೂ ಬೇಕಿದ್ದರೆ ಅವರು ಕಾಯಬೇಕಿತ್ತು. ಹಾಗೆ ಕಾದವನು ಸಿಪ್ರಿಯನ್ ರೆಬೆಲ್ಲೊ, ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚಿಗೆ ಅಚ್ಚೊತ್ತುತ್ತಿದ್ದ ಯುವಕ. ಬಂದಾಗ ಅವನ ಕಂಕುಳಲ್ಲಿ ಮುಚ್ಚಿಹೋದ ಟೂರಿಂಗ್ ಟಾಕೀಸೊಂದರ ಸ್ಪೀಕರು ಇತ್ತು.

"ಇದಕ್ಕೊಂದು ಪೆಟ್ಟಿಗೆ ಬೇಕು, ಬಾವ್ತಿಸ್ ಮಾಮ್. ಗಟ್ಟಿ ಬೇಕು. ಒಂದು ಹಲಗೆಯೂ ಅಲುಗ್ಲಿಕ್ಕಿಲ್ಲ," ಎಂದ ಸಿಪ್ರಿಯನ್.

"ನನ್ನ ಪೆಟ್ಟಿಗೆ ಅಲುಗ್ತದೆ ಅಂತ ಅದರ ಒಳಗೆ ಮಲಗಿದವರು ಯಾರೂ ಇವತ್ತಿನವರೆಗೆ ಹೇಳಿಲ್ಲ," ಎಂದ ಬಾವ್ತಿಸ್.

ಬಾವ್ತಿಸನಿಗೆ ಒಂದು ಪದ್ಧತಿಯಿತ್ತು. ಈಸ್ಟರ್ ಹಬ್ಬದ ಹಿಂದಿನ ಭಾನುವಾರ, ಗರಿಗಳ ಭಾನುವಾರ ಎನ್ನುತ್ತಾರೆ, ಇಗರ್ಜಿಯಲ್ಲಿ ಪಾದ್ರಿಗಳು ತೆಂಗಿನ ಎಳೆಯ ಗರಿಗಳನ್ನು ಆಶೀರ್ವದಿಸಿ ಕೊಡುತ್ತಾರೆ. ಜನ ಅದನ್ನು ಮನೆಗೆ ತಂದು, ಪುಟ್ಟ ಶಿಲುಬೆಯಾಗಿ ಹೆಣೆದು ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ. ಅದನ್ನು ಕಸಕ್ಕೆ ಎಸೆಯುವಂತಿಲ್ಲ. ಮರುವರ್ಷ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಶುರುವಾಗುವ ಮುಂಚೆ ಇಗರ್ಜಿಗೆ ಹಿಂದೆ ಕೊಡಬೇಕು. ಅಲ್ಲಿ ಎಲ್ಲರ ಗರಿಗಳನ್ನೂ ಸುಟ್ಟು, ವ್ರತದ ಮೊದಲ ದಿನವಾದ ವಿಭೂತಿ ಬುಧವಾರದಂದು ಆ ಬೂದಿಯನ್ನು ಜನರ ಹಣೆಗೆ ಹಚ್ಚುತ್ತಾರೆ. ಬಾವ್ತಿಸ್ ಮಾತ್ರ ತನ್ನ ಪಾಲಿನ ಗರಿಗಳನ್ನು ಹಿಂದೆ ಕೊಡುತ್ತಿರಲಿಲ್ಲ. ತಾನು ಮಾಡಿದ ಪ್ರತಿಯೊಂದರ ಒಳಗೂ, ಕಪಾಟಿರಲಿ ಶವಪೆಟ್ಟಿಗೆಯಿರಲಿ, ಒಂದು ಗರಿಯ ಶಿಲುಬೆಯನ್ನು ಮೊಳೆ ಹೊಡೆದು ಕೂರಿಸುತ್ತಿದ್ದ. ನನ್ನ ಬೆನ್ನಿನ ಹಲಗೆಯ ಒಳಮೈಗೂ ಒಂದನ್ನು ಹೊಡೆದ. ಒಂದೇ ಮೊಳೆ. ಶಿಲುಬೆಯ ಒಂದು ಕೈ ಸಡಿಲವಾಗಿಯೇ ಉಳಿಯಿತು.

ಸಿಪ್ರಿಯನನ ಬ್ಯಾಂಡಿನ ಹೆಸರು ‘ಲೈಟ್‌ಹೌಸ್ ಏಟ್’. ಹೆಸರಿನಲ್ಲಿ ಎಂಟು. ಆದರೆ ವೇದಿಕೆಯ ಮೇಲೆ ಎಂಟು ಜನ ಒಟ್ಟಿಗೆ ನಿಂತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಗಿಟಾರಿನವರು, ಸ್ಯಾಕ್ಸೊಫೋನಿನವರು ದುಬೈಗೆ ವೀಸಾ ಸಿಗುವ ತನಕ ಇರುತ್ತಿದ್ದರು. ಕೊನೆಯವರೆಗೆ ಉಳಿದವರು ನಾಲ್ವರು. ಬೇಸ್ ನುಡಿಸುವ ಸಿಪ್ರಿಯನ್. ಹಾಡುವ ಅವನ ತಂಗಿ ಎವ್ಜಿನ್. ಡ್ರಮ್ಸಿನ ವಾಮನ ಸಾಲಿಯಾನ್, ಬೆಳಗ್ಗೆ ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಕೂಗುವವನು. ಟ್ರಂಪೆಟಿನ ಇದಿನಬ್ಬ, ಬಂದರಿನಲ್ಲೇ ಕೊಡೆ ರಿಪೇರಿ ಅಂಗಡಿ ಇಟ್ಟ ಬ್ಯಾರಿ ಮುಸಲ್ಮಾನ. ಇವರು ಕೊಂಕಣಿ, ತುಳು, ಬ್ಯಾರಿ, ಕನ್ನಡ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುತ್ತಿದ್ದರು. ನಿಮ್ಮ ಅನುಕೂಲಕ್ಕೆ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರು ನುಡಿಸುತ್ತಿದ್ದದ್ದು ಸೋಲ್ ಮತ್ತು ಫಂಕ್. ಹಡಗಿನಲ್ಲಿ ಕೆಲಸಕ್ಕಿದ್ದ ನೆರೆಯವನೊಬ್ಬ ಅಮೆರಿಕದಿಂದ ತಂದ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತದ್ದು. ಇದೆಂಥ ಸಂಗೀತ ಎಂದು ವಾಮನ ಮೊದಲ ದಿನ ಕೇಳಿದಾಗ ಸಿಪ್ರಿಯನ್ ನನ್ನ ಮೇಲೆ ಕೂತೇ ವಿವರಿಸಿದ.

"ಸೋಲ್ ಅಂದ್ರೆ ಎಂತ ಗೊತ್ತುಂಟಾ? ಇಗರ್ಜಿಯಲ್ಲಿ ದೇವರಿಗೆ ಹಾಡ್ತೇವಲ್ಲ, ಅದನ್ನೇ ಮನುಷ್ಯರಿಗೆ ಹಾಡುದು. ಫಂಕ್ ಅಂದ್ರೆ ಅದಕ್ಕೆ ಸೊಂಟ ಬಂದದ್ದು."

"ಅಷ್ಟೇನಾ? ನಾನು ಎಂತದೋ ಗ್ರಹಿಸಿದೆ," ಎಂದು ವಾಮನ ಡ್ರಮ್ಮಿನ ಕಡ್ಡಿಗಳನ್ನು ಕೈಗೆತ್ತಿಕೊಂಡ.

ಜೆಪ್ಪುವಿನಲ್ಲಿ ಸಿಪ್ರಿಯನನ ಮನೆಯ ಹಿಂದೆ ಸೌದೆ ಇಡುವ ಕೋಣೆಯಿತ್ತು. ಅಭ್ಯಾಸ ಅಲ್ಲಿ. ನನ್ನನ್ನು ಅಲ್ಲಿಗೆ ತಂದ ಸಂಜೆ ಅವನು ದಪ್ಪ ತಂತಿಯ ಮೂರನೇ ಮನೆಯಲ್ಲಿ ಬೆರಳಿಟ್ಟು ಮಿಡಿದ. ನನ್ನೊಳಗಿನ ಗರಿಯ ಸಡಿಲ ಕೈ ಹಲಗೆಗೆ ತಾಗಿ ‘ಝುಂಯ್’ ಎಂದಿತು. ಬೇರೆ ಸ್ವರಗಳಿಗೆ ಏನೂ ಇಲ್ಲ. ಅದೊಂದೇ ಸ್ವರಕ್ಕೆ ಅದು ಏಳುತ್ತಿತ್ತು. ಮುಖ ಗಂಟಿಕ್ಕಿದವಳು ಎವ್ಜಿನ್. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹಗಲೆಲ್ಲ ಲೈನಿನ ಕರಕರ ಕೇಳುವವಳಿಗೆ ಸಂಜೆಗಾದರೂ ಚೊಕ್ಕ ಸದ್ದು ಬೇಕಿತ್ತು.

ಸಿಪ್ರಿಯನ್ ಬೆನ್ನಿನ ಹಲಗೆ ಬಿಚ್ಚಿದ. ಗರಿ ಕಂಡಿತು. ಕೈ ಹಾಕುವಷ್ಟರಲ್ಲಿ ಅವನ ತಾಯಿ ಮೊನ್ನಾಬಾಯಿ ಸೌದೆಗೆಂದು ಬಂದವರು ನೋಡಿದರು.

"ಅದನ್ನು ಮುಟ್ಟಬೇಡ," ಎಂದರು. "ಆಶೀರ್ವಾದದ ಗರಿ. ಪೆಟ್ಟಿಗೆಗೆ ಜೀವ ಇರುವಷ್ಟು ದಿನ ಅದು ಅಲ್ಲೇ ಇರ್ಬೇಕು. ಪೆಟ್ಟಿಗೆ ಸತ್ತ ಮೇಲೆ ಇಗರ್ಜಿಗೆ ಕೊಡು."

"ಸದ್ದು ಹಾಳಾಗ್ತದೆ ಅಮ್ಮಾ."

"ಹಾಗಾದ್ರೆ ಆ ಸದ್ದು ಬಾರಿಸಬೇಡ."

ಬಾರಿಸದಿರಲು ಅವನಿಂದಾಗಲಿಲ್ಲ. ಬೇಸಿನವನಿಗೆ ಆ ಸ್ವರ ಬಿಟ್ಟು ನಡೆಯುವುದೆಂದರೆ ಅಡುಗೆಯವನಿಗೆ ಉಪ್ಪು ಬಿಟ್ಟ ಹಾಗೆ. ಅವನು ಇನ್ನೊಂದು ದಾರಿ ಹುಡುಕಿದ. ಆ ಸ್ವರವನ್ನು ಎಲ್ಲೆಂದರಲ್ಲಿ ಚೆಲ್ಲದೆ ಹಾಡಿನ ಒಂದು ಜಾಗಕ್ಕೆ ತಂದು ಕೂರಿಸಿದ. ಉಳಿದ ವಾದ್ಯಗಳೆಲ್ಲ ಬಾಯಿ ಮುಚ್ಚಿ ನಿಲ್ಲುವ, ಎವ್ಜಿನ್ ಹಾಡು ಎತ್ತಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಜಾಗ ಅದು. ಬೇಸ್ ಕೆಳಕ್ಕಿಳಿಯುತ್ತದೆ, ನಾನು ‘ಝುಂಯ್’ ಎನ್ನುತ್ತೇನೆ, ಎವ್ಜಿನ್ ಬಾಯಿ ತೆರೆಯುತ್ತಾಳೆ. ಹೀಗೆ ಕಟ್ಟಿದ ಮೊದಲ ಹಾಡು ‘ಧಕ್ಕೆಯಲ್ಲಿ ದೀಪ’. ಮಾತು ಕೊಂಕಣಿಯದು, ನಡೆ ಫಂಕಿನದು. ಆಮೇಲೆ ಕಟ್ಟಿದ್ದೆಲ್ಲ ಇದೇ ಅಚ್ಚಿನಿಂದ ತೆಗೆದದ್ದು. ಹಂಚು ಒತ್ತುವವನಲ್ಲವೇ.

ಎವ್ಜಿನ್‌ಗೆ ಅದು ಎಂದೂ ಹಿಡಿಸಲಿಲ್ಲ. "ನಾನು ಹಾಡ್ಲಿಕ್ಕೆ ಬಾಯಿ ತೆರೆಯುವಾಗಲೇ ಈ ಪೆಟ್ಟಿಗೆಗೆ ಕೆಮ್ಮು," ಎನ್ನುತ್ತಿದ್ದಳು. ನನ್ನ ಮೇಲೆ ಕೂರುವಾಗಲೂ ಕರ್ಚೀಫು ಹಾಸಿ ಕೂರುತ್ತಿದ್ದಳು.

ಮದುವೆಗಳೇ ನಮ್ಮ ಅನ್ನ. ಕಂಕನಾಡಿಯಿಂದ ಕಾರ್ಕಳದವರೆಗೆ ನಾನು ನೋಡದ ಮದುವೆ ಹಾಲ್ ಕಡಿಮೆ. ಮದುಮಕ್ಕಳು ಒಳಗೆ ಬರುವಾಗ ಮಾರ್ಚು, ಶುಭ ಕೋರಿ ಟೋಸ್ಟ್ ಎತ್ತುವವರು ಉದ್ದುದ್ದ ಮಾತಾಡುವಾಗ ಮೌನ, ಊಟದ ಹೊತ್ತಿಗೆ ಮೆಲ್ಲಗೆ ಏನಾದರೂ. ಅದೆಲ್ಲ ಮುಗಿದ ಮೇಲೆ ನಮ್ಮ ಸರದಿ. ಮೊದಮೊದಲು ಜನ ಈ ಹಾಡುಗಳಿಗೆ ಹೆಜ್ಜೆ ಹಾಕಲು ಗೊತ್ತಾಗದೆ ನಿಂತರು. ಒಂದು ಮದುವೆಯಲ್ಲಿ ಮದುಮಗಳ ಅಜ್ಜಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಆಕೆಗೆ ಅಮೆರಿಕವೂ ಗೊತ್ತಿಲ್ಲ, ಫಂಕೂ ಗೊತ್ತಿಲ್ಲ. ನಾನು ‘ಝುಂಯ್’ ಎಂದಾಗ ಒಂದು ಕ್ಷಣ ನಿಂತು, ಎವ್ಜಿನ್‌ಳ ಧ್ವನಿ ಬಂದ ಕೂಡಲೇ ಕಾಲು ಇಟ್ಟರು. ಆಮೇಲೆ ಇಡೀ ಊರು ಹಾಗೆಯೇ ಕುಣಿಯಿತು. ಆ ಸದ್ದಿನ ಮೇಲೆ ನಿಲ್ಲುವುದು, ಧ್ವನಿಗೆ ಹೆಜ್ಜೆ ಇಡುವುದು. ಈ ಸುಖದ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ. ಸುಖವಾಗಿದ್ದೆವು.

ಸಿಪ್ರಿಯನನಿಗೆ ಮಾತ್ರ ಒಂದು ಆಸೆಯಿತ್ತು. ಮದುವೆಯ ಹಾಡು ಊಟದ ಎಲೆಯ ಜೊತೆ ಎದ್ದು ಹೋಗುತ್ತದೆ. ತಮ್ಮ ಸದ್ದು ಒಂದು ಕಡೆ ಉಳಿಯಬೇಕು, ತಾವು ಹೋದ ಮೇಲೂ ಯಾರಾದರೂ ಕೇಳಿ ಇದು ಲೈಟ್‌ಹೌಸ್ ಏಟ್ ಎನ್ನಬೇಕು. ಹಾಗಾಗಿ ಮದ್ರಾಸಿನ ಒಂದು ಸ್ಟುಡಿಯೋದಲ್ಲಿ ರೆಕಾರ್ಡು ಮಾಡಿಸಲು ಹೊರಟರು. ತಪಸ್ಸುಕಾಲದಲ್ಲಿ ಮದುವೆಗಳಿಲ್ಲ, ಬ್ಯಾಂಡಿಗೆ ರಜೆ. ಹೊರಟದ್ದು ಗರಿಗಳ ಭಾನುವಾರದ ಮರುದಿನ. ಪವಿತ್ರ ವಾರದಲ್ಲಿ ಕುಣಿತದ ಹಾಡೇ ಎಂದು ಮೊನ್ನಾಬಾಯಿ ಮುಖ ಊದಿಸಿಕೊಂಡಿದ್ದರು. ಆದರೂ ಹೊರಡುವಾಗ ಹೊಸ ಗರಿಗಳಿಂದ ಪುಟ್ಟ ಶಿಲುಬೆಗಳನ್ನು ಹೆಣೆದು, ಪ್ರಯಾಣಕ್ಕೆ ಕಾವಲು ಎಂದು ಒಬ್ಬೊಬ್ಬರ ಕೈಗೂ ಕೊಟ್ಟರು. ವಾಮನ ಕಣ್ಣಿಗೆ ಒತ್ತಿಕೊಂಡ. ಇದಿನಬ್ಬ ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಡುವುದೆಂದು ತೋಚದೆ, ಟ್ರಂಪೆಟಿನ ಪೆಟ್ಟಿಗೆ ತೆರೆದ.

ರೈಲಿನ ಸಾಮಾನು ಡಬ್ಬಿಯಲ್ಲಿ, ಒಣಮೀನಿನ ಬುಟ್ಟಿಗಳ ನಡುವೆ ನಾನು ಮದ್ರಾಸು ತಲುಪಿದೆ. ಸ್ಟುಡಿಯೋದ ಯಜಮಾನರು ನನ್ನನ್ನು ಒಂದು ಸಲ ಕೇಳಿ ಕೈ ಅಲ್ಲಾಡಿಸಿದರು. ಪೆಟ್ಟಿಗೆ ಹಾಳಾಗಿದೆ, ಹೊರಗಿಡಿ, ಗಿಟಾರಿನ ವೈರನ್ನು ನೇರ ನಮ್ಮ ಮೆಷಿನ್ನಿಗೆ ಹಾಕಿ ಎಂದರು. ಅಷ್ಟು ದೂರ ಹೋಗಿ ನಾನು ಮಾಡಿದ್ದು ಇಷ್ಟೇ: ವರಾಂಡದಲ್ಲಿ ಕೂತು ಖಾಲಿ ಚಹಾ ಲೋಟಗಳನ್ನು ಹೊತ್ತದ್ದು. ಒಳಗೆ ಎವ್ಜಿನ್ ಹಾಡು ಎತ್ತಿಕೊಳ್ಳುವ ಜಾಗದಲ್ಲಿ ಮತ್ತೆ ಮತ್ತೆ ತಪ್ಪಿದಳಂತೆ. ಹೊರಗೆ ಬಂದು ಹೆಡ್‌ಫೋನು ಸರಿಯಿಲ್ಲ ಎಂದಳು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ವಾಮನ ಛೇಡಿಸಿದ. ಕೊನೆಗೆ ಸಿಪ್ರಿಯನ್ ಎದುರು ನಿಂತು ತಲೆಯಾಡಿಸಿ ಸನ್ನೆ ಮಾಡಿದ ಮೇಲೆ ಹಾಡು ಮುಗಿಯಿತು.

ರೆಕಾರ್ಡು ಮಂಗಳೂರಿಗೆ ಬಂದ ದಿನ ಎಲ್ಲರೂ ಸೌದೆಕೋಣೆಯಲ್ಲಿ ಸೇರಿದರು. ಸಾಲ ತಂದ ಗ್ರಾಮಫೋನನ್ನು ನನ್ನ ತಲೆಯ ಮೇಲೆಯೇ ಇಟ್ಟರು. ನನ್ನ ಹಾಡು, ನಾನಿಲ್ಲದೆ, ನನ್ನ ಮೇಲೆ ತಿರುಗಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

"ಎಷ್ಟು ಚೊಕ್ಕ ಉಂಟು," ಎಂದಳು ಎವ್ಜಿನ್. ಅವಳ ಮುಖ ಅರಳಿತ್ತು.

"ಚೊಕ್ಕ ಉಂಟು," ಎಂದ ಸಿಪ್ರಿಯನ್. "ಆದ್ರೆ ಇದು ನಾವಲ್ಲ."

ಜನರೂ ಹಾಗೆಯೇ ಅಂದುಕೊಂಡರೋ ಏನೋ. ಹೆಜ್ಜೆ ನಿಲ್ಲಿಸುವ ಜಾಗ ಸಿಗದೆ ಆ ರೆಕಾರ್ಡಿಗೆ ಯಾರೂ ಕುಣಿಯಲಿಲ್ಲ. ಉಳಿದ ಪ್ರತಿಗಳು ಇದಿನಬ್ಬನ ಕೊಡೆ ಅಂಗಡಿಯಲ್ಲಿ ಬಹಳ ಕಾಲ ಕೂತವು.

ಕ್ಯಾಸೆಟ್ಟಿನ ಕಾಲ ಬಂದಾಗ ಸಿಪ್ರಿಯನ್ ಇನ್ನೊಮ್ಮೆ ಕೈ ಹಾಕಿದ. ಈ ಸಲ ಮದ್ರಾಸು ಬೇಡ ಎಂದ. ಇಗರ್ಜಿಯ ಹಾಲಿನಲ್ಲಿ, ಮದುವೆಗೆ ನಿಲ್ಲುವ ಹಾಗೆಯೇ ನಿಂತು, ಒಂದು ಟೇಪ್ ರೆಕಾರ್ಡರಿನ ಮುಂದೆ ನುಡಿಸಿದರು. ನನ್ನನ್ನು ನಡುವೆ ಇಟ್ಟರು. ಎವ್ಜಿನ್ ಒಂದು ಸಲವೂ ತಪ್ಪಲಿಲ್ಲ. ಅದು ಏಕೆಂದು ಅವಳೂ ಕೇಳಿಕೊಳ್ಳಲಿಲ್ಲ, ಉಳಿದವರೂ ಕೇಳಿಕೊಳ್ಳಲಿಲ್ಲ. ಆ ಕ್ಯಾಸೆಟ್ಟು ಬಸ್ಸುಗಳಲ್ಲಿ ಮೊಳಗಿತು. ಮೂಡಬಿದ್ರಿ ದಾರಿಯ ಡ್ರೈವರುಗಳು ‘ಝುಂಯ್’ ಬಂದಾಗ ಹಾರ್ನು ಒತ್ತುತ್ತಿದ್ದರು ಎಂದು ಇದಿನಬ್ಬ ಹೇಳುತ್ತಿದ್ದ. ಅವನ ಮಾತಿನಲ್ಲಿ ಅರ್ಧ ಕಳೆದರೂ ಉಳಿದದ್ದು ಸಾಕು.

ಆದರೆ ಮೂಲ ಟೇಪನ್ನು ಹಾಲಿನ ಕಪಾಟಿನಲ್ಲಿ ಬಿಟ್ಟು ಬಂದಿದ್ದರು. ಮರುವರ್ಷದ ಧ್ಯಾನಕೂಟಕ್ಕೆ ಟೇಪು ಬೇಕಾದಾಗ ಯಾರೋ ಅದನ್ನೇ ತೆಗೆದು ಅದರ ಮೇಲೆ ಪ್ರವಚನ ತುಂಬಿಸಿದರು. ತಪ್ಪು ಯಾರದೂ ಅಲ್ಲ. ಟೇಪಿನ ಮೇಲೆ ಹೆಸರು ಬರೆದಿರಲಿಲ್ಲ. ಮಾರಾಟವಾದ ಕ್ಯಾಸೆಟ್ಟುಗಳನ್ನು ನಮ್ಮ ಕಡಲ ಗಾಳಿ, ಬೂಷ್ಟು ತಿಂದವು.

ಆಮೇಲಿನದ್ದು ಇಳಿಜಾರು. ಒಬ್ಬನೇ ಕೂತು ಇಡೀ ಬ್ಯಾಂಡಿನ ಸದ್ದು ಹೊರಡಿಸುವ ಕೀಬೋರ್ಡುಗಳು ಬಂದವು. ಮದುವೆಗಳು ಕಡಿಮೆಯಾದವು. ವಾಮನ ಸೌಂಡ್ ಸರ್ವಿಸ್ ಅಂಗಡಿ ಇಟ್ಟು ನನ್ನನ್ನು ಕರೆದೊಯ್ದ. ಎವ್ಜಿನ್‌ಳ ಧ್ವನಿಯ ಪಕ್ಕ ನಿಂತಿದ್ದ ನಾನು ಹರಾಜಿನ ಕೂಗಿಗೆ, ಕ್ರಿಕೆಟ್ ಪಂದ್ಯದ ವಿವರಣೆಗೆ, ಕಾಣೆಯಾದ ಚಪ್ಪಲಿಯ ಪ್ರಕಟಣೆಗೆ ಹೊಟ್ಟೆ ಕೊಟ್ಟೆ. ಒಂದು ಚುನಾವಣೆಯಲ್ಲಿ ಯಾರೋ ಮೈಕಿಗೆ ಬಾಯಿ ಅಂಟಿಸಿ ಅರಚಿದಾಗ ಟಾಕೀಸಿನ ಆ ಹಳೆಯ ಸ್ಪೀಕರು ಹರಿಯಿತು. ವಾಮನ ಅದನ್ನು ಬಿಚ್ಚಿ ತೆಗೆದ. ಹೊಸದು ಹಾಕುವ ಮುಂಚೆ ಅವನೇ ಹೋದ. ಅವನು ನನ್ನ ಮೇಲೆ ಕೂರುತ್ತಿರಲಿಲ್ಲ. ಡ್ರಮ್ಮಿನವನಿಗೆ ಅವನದೇ ಸ್ಟೂಲು ಇರುತ್ತದಲ್ಲ. ಹಾಗಾಗಿ ಅವನ ಭಾರ ಎಷ್ಟಿತ್ತೆಂದು ನನಗೆ ತಿಳಿಯದೇ ಹೋಯಿತು.

ಹಲಸಿನ ಹಲಗೆ ಹಾಳಾಗಬಾರದೆಂದು ಎವ್ಜಿನ್ ನನ್ನನ್ನು ತನ್ನ ಮನೆಗೆ ತರಿಸಿದಳು, ಕುಚ್ಚಲಕ್ಕಿ ಹಾಕಿಡಲು. ಅಕ್ಕಿ ತುಂಬುವ ಮುಂಚೆ ಎದುರಿನ ತೂತಿಗೆ ತಗಡು ಬಡಿಸಿ, ನನ್ನ ಬೆನ್ನು ಬಿಚ್ಚಿ ತೊಳೆದಳು. ಆಗ ಗರಿ ಕಂಡಿತು. ಬಹಳ ಹೊತ್ತು ನೋಡಿದಳು. ಆಮೇಲೆ ಮೊಳೆ ಕಿತ್ತು, ಗರಿಯನ್ನು ಬಿಳಿ ಕಾಗದದಲ್ಲಿ ಸುತ್ತಿ, ಇಗರ್ಜಿಯ ಬಾಗಿಲಲ್ಲಿ ಹಳೆಯ ಗರಿಗಳಿಗೆಂದು ಇಟ್ಟ ಬುಟ್ಟಿಯಲ್ಲಿ ಹಾಕಿ ಬಂದಳು. ಅವಳು ಮಾಡಿದ್ದರಲ್ಲಿ ತಪ್ಪಿಲ್ಲ. ಪೆಟ್ಟಿಗೆ ಸತ್ತ ಮೇಲೆ ಕೊಡು ಎಂದು ತಾಯಿಯೇ ಹೇಳಿದ್ದರು, ನಾನು ಸತ್ತೇ ಇದ್ದೆ. ಆ ವಿಭೂತಿ ಬುಧವಾರ ಸಿಪ್ರಿಯನ್ ಇಗರ್ಜಿಯಿಂದ ನೇರ ತಂಗಿಯ ಮನೆಗೆ ಬಂದು ನನ್ನ ಮೇಲೆ ಕೂತು ಗಂಜಿ ಉಂಡ. ಅವನ ಹಣೆಯ ಮೇಲೆ ಬೂದಿಯ ಗುರುತಿತ್ತು. ಅದರಲ್ಲಿ ಒಂದು ಚೂರು ನನ್ನ ಸದ್ದು ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಅಷ್ಟು ದುಃಖ ಇನ್ನೆಂದೂ ಆದದ್ದಿಲ್ಲ.

ಅಕ್ಕಿ ಹೊತ್ತುಕೊಂಡು ವರ್ಷಗಳು ಕಳೆದವು. ಒಂದು ದಿನ ವಾಮನನ ಮೊಮ್ಮಗಳು ನಿಶ್ಮಿತಾ ಬಂದಳು. ರೆಕಾರ್ಡಿಂಗ್ ಕಲಿತು, ಅಜ್ಜನ ಅಂಗಡಿಯ ಹಿಂದೆ ಪುಟ್ಟ ಸ್ಟುಡಿಯೋ ಮಾಡಿಕೊಂಡವಳು. ಅಂಗಡಿ ಗುಡಿಸುವಾಗ ಅವಳಿಗೆ ಒಂದು ಕ್ಯಾಸೆಟ್ಟು ಸಿಕ್ಕಿತ್ತು. ಅರ್ಧ ಬೂಷ್ಟು, ಉಳಿದರ್ಧದಲ್ಲಿ ನಾವು.

"ಬಾಯಮ್ಮ, ನೀವು ಮೂರು ಜನ ಇದ್ದೀರಿ. ಇನ್ನೊಮ್ಮೆ ಮಾಡುವ. ಡ್ರಮ್ಸಿಗೆ ನಾನು ಜನ ತರ್ತೇನೆ," ಎಂದಳು ಎವ್ಜಿನ್‌ಗೆ.

ಎವ್ಜಿನ್ ನಕ್ಕಳು. ಆದರೆ ಪಕ್ಕದಲ್ಲೇ ಕೂತಿದ್ದ ಸಿಪ್ರಿಯನ್ ನಗಲಿಲ್ಲ. ಹಂಚಿನ ಧೂಳು ಅವನ ಎದೆಯಲ್ಲಿ ಕೂತು ಉಸಿರನ್ನು ತಿನ್ನುತ್ತಿತ್ತು. ಇನ್ನೊಂದು ವರ್ಷದ ಲೆಕ್ಕ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. "ಪೆಟ್ಟಿಗೆ ಖಾಲಿ ಮಾಡು," ಎಂದಷ್ಟೇ ತಂಗಿಗೆ ಹೇಳಿದ. ಅದೇ ದಿನ ಎವ್ಜಿನ್ ಅಕ್ಕಿಯನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದಳು. ನಿಶ್ಮಿತಾ ತಗಡು ಕಿತ್ತು, ಹೊಸ ಸ್ಪೀಕರು ತಂದು ನನ್ನ ತೂತಿಗೆ ಕೂರಿಸಿದಳು. ಮದುವೆಗಳಿಲ್ಲದ ತಪಸ್ಸುಕಾಲವಾದ್ದರಿಂದ ಇಗರ್ಜಿಯ ಹಾಲು ಖಾಲಿಯಿತ್ತು.

ನಿಶ್ಮಿತಾ ಕರೆತಂದ ಹುಡುಗನೊಬ್ಬ ಡ್ರಮ್ಸಿಗೆ ಕೂತ. ಸಿಪ್ರಿಯನ್ ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟ. ಬೆರಳು ಸೆಟೆದಿದ್ದವು, ಆದರೂ ದಾರಿ ಮರೆತಿರಲಿಲ್ಲ. ಇದಿನಬ್ಬ ಟ್ರಂಪೆಟ್ ತಂದಿದ್ದ, ಊದಲು ಹಲ್ಲಿರಲಿಲ್ಲ. "ನಾನು ಲೆಕ್ಕಕ್ಕೆ ಬಂದದ್ದು. ಎಂಟು ಅಂತ ಹೆಸರು ಇಟ್ಟು ಹಳಬರು ಎರಡೇ ಜನ ನಿಂತ್ರೆ ಮರ್ಯಾದೆ ಉಂಟಾ?" ಎಂದು ಬೆಂಚಿನ ಮೇಲೆ ಕೂತ.

‘ಧಕ್ಕೆಯಲ್ಲಿ ದೀಪ’ ಶುರುವಾಯಿತು. ಬೇಸ್ ಕೆಳಕ್ಕಿಳಿಯಿತು. ನನ್ನಿಂದ ಸ್ವರ ಬಂತು, ದುಂಡಗೆ, ಚೊಕ್ಕವಾಗಿ, ಬರೀ ಸ್ವರ. ಎವ್ಜಿನ್ ಬಾಯಿ ತೆರೆಯಲಿಲ್ಲ. ಹಾಡು ಅವಳನ್ನು ಬಿಟ್ಟು ಮುಂದೆ ಹೋಯಿತು. ಮತ್ತೆ ಮಾಡಿದರು. ಈ ಸಲ ಅವಸರಪಟ್ಟು ಮುಂಚೆಯೇ ನುಗ್ಗಿದಳು. ಇನ್ನೊಮ್ಮೆ, ಮತ್ತೊಮ್ಮೆ. ಸಿಪ್ರಿಯನ್ ಮದ್ರಾಸಿನಲ್ಲಿ ಮಾಡಿದ ಹಾಗೆ ತಲೆಯಾಡಿಸಿ ಸನ್ನೆ ಮಾಡಿ ನೋಡಿದ. ಪೊರೆ ಬಂದ ಅವಳ ಕಣ್ಣಿಗೆ ಅದು ಕಾಣಲಿಲ್ಲ.

"ನನಗೆ ವಯಸ್ಸಾಯ್ತು ಸಿಪ್ಪು. ಬಿಡು," ಎಂದು ಅವಳು ನನ್ನ ಮೇಲೆ ಕುಸಿದು ಕೂತಳು. ಕರ್ಚೀಫು ಹಾಸಲಿಲ್ಲ.

ಸಿಪ್ರಿಯನ್ ದಪ್ಪ ತಂತಿಯ ಮೂರನೇ ಮನೆಯನ್ನು ಮಾತ್ರ ಮಿಡಿದು ಕಿವಿಗೊಟ್ಟ. "ವಯಸ್ಸಲ್ಲ," ಎಂದ. "ಗರಿ ಎಲ್ಲಿ?"

"ಇಗರ್ಜಿಗೆ ಕೊಟ್ಟೆ. ಅಮ್ಮ ಹೇಳಿದ ಹಾಗೆ." ಹೇಳುತ್ತಾ ಹೇಳುತ್ತಾ ಅವಳಿಗೇ ತಿಳಿಯಿತು. "ನಾನು ಅದಕ್ಕೆ ಕಾಯ್ತಾ ಇದ್ದದ್ದಾ, ಸಿಪ್ಪು? ಇಷ್ಟು ವರ್ಷ? ಆ ದರಿದ್ರ ಕೆಮ್ಮಿಗೆ?"

"ಮದ್ರಾಸಿನಲ್ಲೂ ಅದಕ್ಕೇ ತಪ್ಪಿದ್ದು. ನನಗೂ ಈಗ ಹೊಳೆದದ್ದು."

ನಿಶ್ಮಿತಾ ಅಂಗಳದಿಂದ ಒಂದು ಒಣ ತೆಂಗಿನಗರಿ ಸೀಳಿ ತಂದು ನನ್ನ ಬೆನ್ನಿಗೆ ಹೊಡೆದು ನೋಡಿದಳು. ಅದು ಎಲ್ಲ ಸ್ವರಕ್ಕೂ ಪಟಪಟ ಎಂದಿತು. ಬೇಕಾದದ್ದು ಎಳೆಯದಿರುವಾಗ ಹೆಣೆದು, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿದ ಗರಿ. ಅಂಥದ್ದು ಪ್ರತಿ ಮನೆಯಲ್ಲೂ ಇತ್ತು, ಕೆಲವು ದಿನಗಳ ಹಿಂದಿನವರೆಗೆ. ವಿಭೂತಿ ಬುಧವಾರ ಆಗಷ್ಟೇ ಕಳೆದಿತ್ತು. ಊರಿನ ಗರಿಗಳೆಲ್ಲ ಬೂದಿಯಾಗಿದ್ದವು.

"ಆ ಸದ್ದನ್ನು ನಾನು ಹಳೇ ಕ್ಯಾಸೆಟ್ಟಿನಿಂದ ತೆಗ್ದು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸ್ತೇನೆ ಅಜ್ಜ," ಎಂದಳು ನಿಶ್ಮಿತಾ.

"ಬೇಡ ಮಗಾ. ನಾವು ನುಡಿಸದ್ದನ್ನು ನುಡಿಸಿದ್ದು ಅಂತ ಹೇಳುದು ಬೇಡ. ಬರುವ ವರ್ಷ ಹೊಸ ಗರಿ ಒಣಗ್ತದೆ." ಸಿಪ್ರಿಯನ್ ಗಿಟಾರನ್ನು ತೊಡೆಯಿಂದ ಇಳಿಸಿದ. "ನಾನು ಅದಕ್ಕಿಂತ ಮೊದಲು ಒಣಗ್ತೇನೆ."

ಆಗ ಬೆಂಚಿನ ಮೇಲಿಂದ ಇದಿನಬ್ಬ, "ಪೊರ್ಬುಗಳೇ, ಅದು ಇಂಥದ್ದಾ ನೋಡಿ," ಎಂದ. ನಮ್ಮ ಕಡೆ ಕ್ರೈಸ್ತರನ್ನು ಹಾಗೆ ಕರೆಯುತ್ತಾರೆ. ಟ್ರಂಪೆಟಿನ ಪೆಟ್ಟಿಗೆ ತೆರೆದು, ಮಾಸಿದ ಮಕಮಲ್ಲನ್ನು ಎತ್ತಿ, ಅಡಿಯಿಂದ ಏನನ್ನೋ ತೆಗೆದ. ಕಾಫಿಯ ಬಣ್ಣಕ್ಕೆ ತಿರುಗಿದ, ಚಪ್ಪಟೆಯಾದ, ಗರಿಯ ಪುಟ್ಟ ಶಿಲುಬೆ.

ಎವ್ಜಿನ್ ಎದ್ದು ಹೋಗಿ ಅದನ್ನು ಕಣ್ಣಿನ ಹತ್ತಿರ ಹಿಡಿದಳು. "ಇದು ಅಮ್ಮನ ಹೆಣಿಗೆ."

"ಮದ್ರಾಸಿಗೆ ಹೋಗುವಾಗ ಕೊಟ್ಟದ್ದು."

"ಅಲ್ಲ ಇದಿನಬ್ಬಾ, ಮರುವರ್ಷ ಇಗರ್ಜಿಗೆ ಹಿಂದೆ ಕೊಡ್ಬೇಕು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ನನಗೆ ಯಾರು ಹೇಳಿದ್ದು?" ಎಂದ ಇದಿನಬ್ಬ. "ಒಬ್ಬರು ತಾಯಿ ಕೈಯಲ್ಲಿ ಕೊಟ್ಟದ್ದು, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಮನೆಯವಳು ಕೇಳಿದ್ಲು, ಇದು ಎಂತ ಕಸ ಅಂತ. ಕಸ ಅಲ್ಲ, ಮದ್ರಾಸಿನ ಟಿಕೇಟು ಅಂತ ಹೇಳಿದೆ."

ಸಿಪ್ರಿಯನ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ಎಲ್ಲರೂ ಕಾದರು. ಮೊಳೆ ಹೊಡೆದವಳು ಎವ್ಜಿನ್. ನಿಶ್ಮಿತಾ ಎರಡನೆಯ ಮೊಳೆ ಕೊಡಲು ಹೋದಾಗ ಬೇಡವೆಂದಳು. "ಒಂದೇ ಇತ್ತು. ಕಿತ್ತವಳು ನಾನಲ್ವಾ. ಈ ಕೈ ಸಡಿಲ ಇರ್ಬೇಕು," ಎಂದು ಬೆರಳಿನಿಂದ ಅದನ್ನು ಒಮ್ಮೆ ಮೀಟಿ ನೋಡಿದಳು.

ಬೇಸ್ ಕೆಳಕ್ಕಿಳಿಯಿತು. ನಾನು ಕಾದೆ. ಸಿಪ್ರಿಯನನ ಬೆರಳು ಮೂರನೇ ಮನೆಗೆ ಬಂತು, ನನ್ನ ಬೆನ್ನಿನಲ್ಲಿ ಮೊನ್ನಾಬಾಯಿಯ ಹೆಣಿಗೆ ಎದ್ದು ನಿಂತಿತು. ಮೊದಲಿನ ‘ಝುಂಯ್’ಗಿಂತ ಸ್ವಲ್ಪ ತೆಳು, ಸ್ವಲ್ಪ ಹಳತು. ಆದರೆ ಅದೇ ಜಾಗದಲ್ಲಿ. ಎವ್ಜಿನ್ ಬಾಯಿ ತೆರೆದಳು. ಅವಳ ಧ್ವನಿ ಒಡೆದಿತ್ತು, ಹಾಗಿದ್ದೂ ಸರಿಯಾದ ಬಾಗಿಲಿನಿಂದಲೇ ಒಳಗೆ ಬಂತು. ಬೆಂಚಿನ ಮೇಲೆ ಇದಿನಬ್ಬ ಊದದ ಟ್ರಂಪೆಟಿನ ಮೇಲೆ ಬೆರಳಾಡಿಸುತ್ತಾ ತನ್ನ ಪಾಲಿನದನ್ನು ಮೌನವಾಗಿ ಮುಗಿಸಿದ. ಒಂದೇ ಸಲಕ್ಕೆ ಆಯಿತು. ನಿಶ್ಮಿತಾ ಅದನ್ನು ಹಿಂದಕ್ಕೆ ಹಾಕಿ ಕೇಳಿಸಿದಾಗ ಸಿಪ್ರಿಯನ್ ಕಣ್ಣು ಮುಚ್ಚಿಕೊಂಡು ಕೇಳಿದ.

"ಹಾಂ. ಇದು ನಾವು," ಎಂದ.

ಅವನು ಆ ವರ್ಷದ ಕ್ರಿಸ್ಮಸ್ ಕಾಣಲಿಲ್ಲ. ಬಾವ್ತಿಸ್ ಎಂದೋ ಹೋಗಿದ್ದ, ಶವಪೆಟ್ಟಿಗೆ ಅಂಗಡಿಯಿಂದ ಬಂತು. ಅದರ ಒಳಗೆ ಗರಿಯಿರಲಿಲ್ಲ. ಎವ್ಜಿನ್ ತನ್ನ ಮನೆಯ ದೇವರ ಪಟದ ಹಿಂದಿನದನ್ನು ತಂದು ಅಣ್ಣನ ಕೈಯಲ್ಲಿ ಇಟ್ಟಳಂತೆ. ಇದನ್ನು ನನಗೆ ಹೇಳಿದವನು ಇದಿನಬ್ಬ. ಹೇಳಿದ್ದು ನಿಶ್ಮಿತಾಳಿಗೆ, ಕೂತದ್ದು ನನ್ನ ಮೇಲೆ.

ನಾನೀಗ ನಿಶ್ಮಿತಾಳ ಸ್ಟುಡಿಯೋದ ಒಂದು ಮೂಲೆಯಲ್ಲಿದ್ದೇನೆ. ಹೊಸ ಹುಡುಗರು ಬಂದು ತಮ್ಮ ವೈರುಗಳನ್ನು ನೇರ ಮೆಷಿನ್ನಿಗೆ ಸಿಕ್ಕಿಸುತ್ತಾರೆ. ಕೆಲವರು ಆ ಹಾಡು ಕೇಳಿ, ಆ ಸದ್ದು ಹೇಗೆ ಮಾಡಿದಿರಿ ಎನ್ನುತ್ತಾರೆ. ಅವಳು ನನ್ನ ಕಡೆ ಕೈ ತೋರಿಸುತ್ತಾಳೆ, ಅವರು ನಂಬುವುದಿಲ್ಲ. ಒಂದು ಹಾಡಷ್ಟೇ ಉಳಿದದ್ದು. ಸಾಕು. ಸಿಪ್ರಿಯನ್ ಕೇಳಿದ್ದೂ ಅಷ್ಟೇ.

ಮೊನ್ನೆ ಎವ್ಜಿನ್ ಬಂದಿದ್ದಳು. ತಪಸ್ಸುಕಾಲ ಹತ್ತಿರವಾಗಿದೆ. ಇಗರ್ಜಿಯ ಬಾಗಿಲಲ್ಲಿ ಹಳೆಯ ಗರಿಗಳಿಗೆ ಬುಟ್ಟಿ ಇಟ್ಟಿದ್ದಾರಂತೆ. ನಿಶ್ಮಿತಾ ಅಳುಕುತ್ತಲೇ ಕೇಳಿದಳು.

"ಬಾಯಮ್ಮ, ಪೆಟ್ಟಿಗೆಯಲ್ಲಿರುವ ಗರಿ ಈ ಸಲ ಕೊಡ್ಲಿಕ್ಕುಂಟಾ?"

ಎವ್ಜಿನ್ ಕೋಲು ಊರಿಕೊಂಡು ಬಂದು, ನನ್ನ ತಲೆಯ ಮೇಲಿನ ಧೂಳನ್ನು ಕೈಯಿಂದಲೇ ಒರೆಸಿ ಕೂತಳು. ಮೊದಲಿಗಿಂತ ಹಗುರಾಗಿದ್ದಾಳೆ.

"ಯಾಕೆ ಕೊಡುದು?" ಎಂದಳು. "ಪೆಟ್ಟಿಗೆಗೆ ಇನ್ನೂ ಜೀವ ಉಂಟು."